ಶ್ಯೋಕ್ ಕಣಿವೆಯ ನಕಾಶೆ

1991ರ ಮಾರ್ಚ್ 12, ಬೆಳಿಗ್ಗೆ ಹತ್ತೂವರೆ. ಸರ್ವೆ ಇಲಾಖೆಯಿಂದ ನಿವೃತ್ತರಾದ ಅಣ್ಣಾಜಿ ಖಾಲಿ ತಗಡಿನ ಕೊಳವೆ ಹಿಡಿದು ರಾಣೆಬೆನ್ನೂರು ಠಾಣೆಗೆ ಬಂದರು. ಅದರೊಳಗಿದ್ದ ಎಂಬತ್ತು ವರ್ಷ ಹಳೆಯ ನಕಾಶೆ ಕಳವಾಗಿತ್ತು. ಲಡಾಖಿನ ಶ್ಯೋಕ್ ನದಿಯ ಕಣಿವೆಯದು. ಮರಳು, ಬೋಳುಗುಡ್ಡ, ಊರೂರಿನ ಎತ್ತರ ಎಲ್ಲ ಅದರಲ್ಲಿದ್ದವು. ಹೆಡ್ ಕಾನ್‌ಸ್ಟೆಬಲ್ ಗೋಣೆಪ್ಪ ಎಫ್‌ಐಆರ್ ಬರೆದುಕೊಂಡ.

"ಯಾರ ಮ್ಯಾಲರೆ ಸಂಶಯ?" ಇನ್ಸ್‌ಪೆಕ್ಟರ್ ರಾಘಣ್ಣ ಕೇಳಿದರು.

"ಸುಣ್ಣಾ ಬಳಿಯಾಂವ ಬಂದಿದ್ದ."

ಗೋಣೆಪ್ಪ ಕೊಳವೆಯ ಮುಚ್ಚಳ ಮುಟ್ಟಿದ ಕೈಯಲ್ಲೇ ಕಣ್ಣೊರೆಸಿಕೊಂಡ. ನೀರು ಧಾರಾಕಾರ ಇಳಿಯಿತು.

"ಯಾಕೋ, ನಕಾಶಾ ಹೋತಂತ ಅಳಾಕತ್ತೀ?"

"ಮೆಣಸಿನಕಾಯಿ ಖಾರರಿ ಸಾಹೇಬ್ರ. ಮ್ಯಾಲೆ ಎಣ್ಣೀನೂ ಐತಿ."

ಗೋಣೆಪ್ಪ ಬ್ಯಾಡಗಿಯವನು. ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ಉರಿ ತಾಳಲಾರದೆ ಕೈಗೆ ಎಣ್ಣೆ ಸವರಿಕೊಳ್ಳುವುದನ್ನು ಅವನು ತಾಯಿಯಲ್ಲಿ ಕಂಡಿದ್ದ.

ಹನ್ನೆರಡಕ್ಕೆ ಮನೆಯಲ್ಲಿ ಪಂಚನಾಮೆ. ಮೆಣಸಿನಕಾಯಿ ಬಿಡಿಸಲು ಯಾರು ಬರುತ್ತಾರೆಂದು ಕೇಳಿದ್ದಕ್ಕೆ ಅಣ್ಣಾಜಿಯ ಹೆಂಡತಿ ಪದ್ಮಾಬಾಯಿ ಹಿಂಜರಿಯುತ್ತಲೇ ಹೇಳಿದರು: "ಪ್ರತಿ ವರ್ಷಾ ಬ್ಯಾಡಗಿ ಸುಗರಾಬಿ ಬಂದು ಪಡಸಾಲ್ಯಾಗ ತುಂಬು ಬಿಡಸ್ತಾಳ. ಹತ್ತು ವರ್ಷದಿಂದ ಬರಾಕಿ, ಆಕಿ ಮ್ಯಾಲೆ ಹೆಂಗ ಅನ್ನೂದ್ರಿ?"

ಮೂರು ಗಂಟೆಗೆ ರಾಘಣ್ಣ, ಗೋಣೆಪ್ಪ ಬ್ಯಾಡಗಿ ಮುಟ್ಟಿದರು. ಸುಗರಾಬಿಯ ಮನೆಯಲ್ಲಿ ತೊಳೆದ ಬಿಳಿ ಚಾದರದ ಮೇಲೆ ನಕಾಶೆ ಹಾಸಿತ್ತು, ಪಕ್ಕದಲ್ಲೊಂದು ಹಳೆಯ ಅಂಚೆ ಕಾರ್ಡು. ಆಕೆ ಓಡಲಿಲ್ಲ.

"ಯಾಕ ತಂದಿ?" ರಾಘಣ್ಣ ಕೇಳಿದರು.

"ಮಗ ಶಾಬುದ್ದೀನ ಲಡಾಖಿಗೆ ರಸ್ತೆ ಕೆಲಸಕ್ಕ ಹೋಗ್ಯಾನ್ರಿ. ಐದು ತಿಂಗಳಾತು, ಕಾಗದಿಲ್ಲ. ಅಂವ ಇರೂ ಊರು ತೋರಸ್ರಿ ಅಂದ್ರ, ಅಣ್ಣಾಜಿ ಸಾಹೇಬ್ರು ‘ಕೈ ತೊಳಕೊಂಡು ಬಾ’ ಅಂದ್ರು. ಮೂರು ಸಲ ತೊಳದೆ. ಈ ಖಾರ ತೊಳದ್ರ ಹೋಗೂದೇನ್ರಿ?"

ನಕಾಶೆಯಲ್ಲಿ ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರ. ಓಣಿಯಲ್ಲಿ ಯಾರಿಗೂ ಊರು ಸಿಕ್ಕಿರಲಿಲ್ಲ.

ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಜಯವ್ವ ಆಕೆಯನ್ನು ದಸ್ತಗಿರಿ ಮಾಡಿದಳು. ಐದೂವರೆಗೆ ಮಾಲು ಗುರುತಿಸಲು ಠಾಣೆಗೆ ಬಂದ ಅಣ್ಣಾಜಿ ಎಲ್ಲ ಕೇಳಿದರು. ಆಮೇಲೆ ಶಾಬುದ್ದೀನ ಬರೆದಿದ್ದ ಕಾರ್ಡು ಓದಿ ನಕಾಶೆಯ ಮೇಲೆ ಬಗ್ಗಿದರು.

"ಅಘಮ್. ಇಲ್ಲೇ ಅದ ನೋಡವಾ. ಇದು ಗುಡ್ಡ ದಾಟೂ ಘಾಟು. ಹಿಮಾ ಬಿದ್ರ ದಾರಿ ಬಂದ್. ಮನಶ್ಯಾನೂ ಬರೂದಿಲ್ಲ, ಟಪಾಲೂ ಬರೂದಿಲ್ಲ. ಬ್ಯಾಸಿಗ್ಯಾಗ ತೆರೀತದ."

"ಹಂಗಾರ ಕಾಗದ ಘಾಟಿನ್ಯಾಗ ನಿಂತೈತಿ ಅನ್ರಿ?"

"ಹೂಂ. ಮುಟ್ಟು."

ಸುಗರಾಬಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಣ್ಣಾಜಿ ಆಕೆಯ ಬೆರಳು ಹಿಡಿದು ತಾವೇ ಊರಿನ ಮೇಲೆ ಇಟ್ಟರು. ಕೆಂಪು ಎಣ್ಣೆಯ ಗುರುತು ಮೂಡಿತು.

"ಕೇಸಿನ ಮುದ್ದೆಮಾಲಿಗೆ ಕಲೆ ಆತ್ರೀ!" ಗೋಣೆಪ್ಪ ಗಾಬರಿಯಾದ.

"ಇರಲಿ. ಅಳಸಬ್ಯಾಡ," ಎಂದರು ಅಣ್ಣಾಜಿ.

ಮರುದಿನ ಕೋರ್ಟಿನಲ್ಲಿ ಜಾಮೀನಿಗೆ ಅವರೇ ನಿಂತರು. ಕೇಸ್ ಡೈರಿಯಲ್ಲಿ ಕಳವಿನ ಕಾರಣ ಏನೆಂದು ಬರೆಯಲು ಗೋಣೆಪ್ಪನಿಗೆ ಹೊತ್ತು ಹಿಡಿಯಿತು. ಕೊನೆಗೆ ಬರೆದ: ಮಗ ಇರುವ ಊರನ್ನು ಒಮ್ಮೆ ಮುಟ್ಟುವ ಸಲುವಾಗಿ.