ಐದು ಹಾಳೆಯ ಮೆಷಿನ್

ಸರ್ಫರಾಜ್ ಆ ಚೀಟಿಗೆ ಸಹಿ ಕೇಳಬಾರದಿತ್ತು. ಸತ್ತವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಸರಿಯಲ್ಲವೆಂದು ಶಿವಪುತ್ರನಿಗೂ ಗೊತ್ತಿತ್ತು. ಆದರೆ ಎಂಟು ತಿಂಗಳಿಂದ ಆ ಸಿಟ್ಟು ಕದಲಿರಲಿಲ್ಲ. ಜಾಲಹಳ್ಳಿ ಹತ್ತಿರದ ಆ ಚಿಕ್ಕ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ, ಇಪ್ಪತ್ತೆರಡು ವರ್ಷಕ್ಕೆ ಸೂಪರ್‌ವೈಸರ್ ಆದವನು ಶಿವಪುತ್ರ. ಅಷ್ಟೂ ವರ್ಷಗಳನ್ನು ಮುಳುಗಿಸಲು ಪಾಕೆಟ್ ಡೈರಿಯಿಂದ ಹರಿದ ಒಂದು ಹಾಳೆ ಸಾಕಾಗಿತ್ತು.

ಮೂರನೇ ಪ್ರೆಸ್‌ಗೆ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇತ್ತು. ಅದು ಮೇಲಿಂದ ಮೇಲೆ ಕೆಟ್ಟು ಕೆಲಸ ನಿಲ್ಲುತ್ತಿತ್ತು. 'ಬಿಚ್ಚಿಟ್ಟು ನಡೆಸು' ಎಂದವನು ಶಿವಪುತ್ರ. ತಗಡು ಒತ್ತುವ ಆ ಮೆಷಿನ್ ನಡೆಸುತ್ತಿದ್ದವನು ಸರ್ಫರಾಜ್. ಊಟದ ಹೊತ್ತಿಗೆ ಬಂದು, ಡೈರಿಯ ಹಾಳೆಯಲ್ಲಿ ನೀಟಾಗಿ ಬರೆದಿದ್ದನ್ನು ಮುಂದೆ ಹಿಡಿದ: ಗಾರ್ಡ್ ಇಲ್ಲದೆ ನಡೆಸಲು ತಾವು ಹೇಳಿದ್ದೀರಿ, ನನಗೆ ಭಯವಾಗುತ್ತಿದೆ, ಬೇಗ ಸರಿ ಮಾಡಿಸಿ. ಪೀಡೆ ತೊಲಗಲಿ ಎಂದು ಶಿವಪುತ್ರ ಅದರ ಕೆಳಗೆ 'ನೋಡಿದೆ, ಮುಂದಿನ ವಾರ' ಎಂದು ಗೀಚಿ ಸಹಿ ಹಾಕಿದ. ಹನ್ನೆರಡನೇ ದಿನ ಪ್ರೆಸ್ ಸರ್ಫರಾಜನ ಎರಡೂ ಕೈ ತಿಂದಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಅವನೇ ಗಾರ್ಡ್ ಬಿಚ್ಚಿದ, ನನಗೆ ತಿಳಿದೇ ಇರಲಿಲ್ಲ ಎಂದು ಶಿವಪುತ್ರ ಹೇಳಿಕೆ ಕೊಟ್ಟ. ಸರ್ಫರಾಜನ ಲಾಕರನ್ನು ಎಲ್ಲರಿಗಿಂತ ಮೊದಲು ತೆಗೆದವನೂ ಅವನೇ. ಚೀಟಿ ಅಲ್ಲಿರಲಿಲ್ಲ. ಹಾಗಾದರೆ ಅದು ಮನೆಯಲ್ಲಿರಬೇಕು. ಸರ್ಫರಾಜನ ಹೆಂಡತಿ ಅತೀಯಾ ಅದನ್ನು ಇನ್ನೂ ನೋಡಿಲ್ಲ. ನೋಡಿದ್ದರೆ ಇಷ್ಟು ಹೊತ್ತಿಗೆ ಗಲಾಟೆಯಾಗುತ್ತಿತ್ತು. ಸಾವಿನ ವಿಚಾರಣೆಗೆ ಹತ್ತು ದಿನ ಉಳಿದಿತ್ತು.

ಅಷ್ಟರಲ್ಲಿ ಅತೀಯಾಳೇ ಫೋನ್ ಮಾಡಿದಳು.

"ಸರ್, ನಮ್ಮನೆ ಪೇಪರ್ ಕತ್ತರಿಸೋ ಮೆಷಿನ್ ನಿಂತೋಗಿದೆ. ನೀವು ರಿಪೇರಿ ಮಾಡ್ತೀರಾ ಅಂತ ಇವರು ಯಾವಾಗ್ಲೋ ಹೇಳಿದ್ರು."

ಅದು ನಿಜ. ಭಾನುವಾರ ಬಂತೆಂದರೆ ಬ್ಯಾಟರಾಯನಪುರದ ಶಿವಪುತ್ರನ ಮನೆಗೆ ಮಿಕ್ಸಿ, ಟೇಬಲ್ ಫ್ಯಾನು, ಈಚೆಗೆ ಈ ಅಗ್ಗದ ಶ್ರೆಡ್ಡರುಗಳೂ ಬರುತ್ತಿದ್ದವು. ಮನೆಯಲ್ಲೇ ಕೂತು ಇನ್ಶೂರೆನ್ಸ್ ಅರ್ಜಿ ತುಂಬುವವರು, ಆಧಾರ್ ಜೆರಾಕ್ಸ್ ಹಾಗೇ ಬಿಸಾಡಬಾರದೆಂದು ಅವನ್ನು ಕೊಳ್ಳುತ್ತಿದ್ದರು. ಅತೀಯಾ ಕೂಡ ಅದೇ ಕೆಲಸ ಮಾಡುತ್ತಿದ್ದಳು. ಮುಚ್ಚಳ ತೆಗೆದು ಒಂದು ಹಲ್ಲುಚಕ್ರ ನೋಡಿದರೆ ಶಿವಪುತ್ರ ಆ ಮೆಷಿನ್ನಿನ ಆಯಸ್ಸು ಹೇಳಬಲ್ಲವನಾಗಿದ್ದ. ಡಬ್ಬದ ಮೇಲೆ ಹತ್ತು ಹಾಳೆ ಎಂದಿದ್ದರೆ ಐದು ಎಂದು ತಿಳಿಯಬೇಕು. ಎರಡು ನಿಮಿಷ ಓಡಿಸಿದರೆ ಅರ್ಧ ಗಂಟೆ ಆರಲು ಬಿಡಬೇಕು. ಇಷ್ಟು ಕೇಳಿದರೆ ಎರಡು ವರ್ಷ, ಕೇಳದಿದ್ದರೆ ಆರು ತಿಂಗಳು.

"ಭಾನುವಾರ ಬರ್ತೀನಿ ತಂಗಿ," ಎಂದ. ಆಮೇಲೆ ದನಿ ತಗ್ಗಿಸಿ, "ವಿಚಾರಣೆಗೆ ಸರ್ಫರಾಜನ ಕಾಗದ ಏನಾದ್ರೂ ಬೇಕಾಗ್ಬಹುದು. ಎಲ್ಲಾ ತೆಗೆದಿಡು, ನೋಡ್ಕೊಡ್ತೀನಿ."

"ಒಂದು ಬ್ಯಾಗ್ ಇದೆ ಸರ್. ನಾನು ಬಿಚ್ಚೇ ಇಲ್ಲ. ಕೈ ಬರೋಲ್ಲ."

ಆ ವಾರ ಅವನು ಯೋಚನೆಯನ್ನು ತಿರುತಿರುಗಿಸಿ ನೋಡಿದ. ಕದಿಯಬಾರದು. ಅತೀಯಾಳ ಅತ್ತೆ ಸುಗ್ರಾ ಮನೆ ಬಿಟ್ಟು ಕದಲುವವಳಲ್ಲ, ಅವಳ ಕಣ್ಣೆದುರು ಜೇಬಿಗೆ ಕೈ ಹೋದರೆ ಕೆಟ್ಟಿತು. ಕದಿಯುವ ಅಗತ್ಯವಾದರೂ ಏನು? ಬೇಕಾದ ಕಾಗದ ಒಂದು ಕಡೆ, ಬೇಡದ್ದು ಇನ್ನೊಂದು ಕಡೆ. ಬೇಡದ್ದನ್ನು, ರಿಪೇರಿಯಾದ ಮೆಷಿನ್ ಪರೀಕ್ಷೆಗೆಂದು, ಅವಳ ಕೈಯಿಂದಲೇ ಹಾಕಿಸುವುದು. ಆ ಹೊತ್ತಿಗೆ ತಾನು ಮೆಷಿನ್ ಹತ್ತಿರವೂ ಇರಬಾರದು. ನಾಳೆ ಯಾರೇ ಕೇಳಲಿ, ಗಂಡನ ಕಾಗದ ಕತ್ತರಿಸಿದವಳು ಹೆಂಡತಿ.

ಯಶವಂತಪುರದ ಗುರುತಿನ ಅಂಗಡಿಯಿಂದ ಅಳತೆಗೆ ಸರಿಯಾದ ಗಟ್ಟಿ ಹಲ್ಲುಚಕ್ರ ತಂದ. ಪಾಪಕ್ಕೆ ಸಮನಾಗಿ ಒಂದು ಪುಣ್ಯವೂ ಇರಲೆಂಬ ಹಾಗೆ, ರಿಪೇರಿಯಲ್ಲಿ ಮಾತ್ರ ಅವನು ಮೋಸ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದ. ಬಿಳಿ ದುಪಟ್ಟಾ ಹೊದ್ದ ಸುಗ್ರಾ ಗೋಡೆಗೊರಗಿ ಕೂತಿದ್ದಳು.

"ಕೂತ್ಕೋ ಬೇಟಾ. ನನ್ ಮಗಂದೇ ತಪ್ಪು ಅಂತ ಬೀದಿಯೋರೆಲ್ಲ ಹೇಳ್ತಾರೆ. ಅವ್ನು ಅಷ್ಟು ಅಜಾಗ್ರತೆ ಇದ್ನಾ?"

"ಹಣೆಬರಹ ಅಮ್ಮ," ಎಂದ ಶಿವಪುತ್ರ. ಅವಳ ಮುಖ ನೋಡದೆ ಮೆಷಿನ್ ಹತ್ತಿರಕ್ಕೆಳೆದುಕೊಂಡ.

ಸವೆದ ಚಕ್ರ ತೆಗೆದು ಹೊಸದನ್ನು ಕೂರಿಸಿದ. ಬ್ಲೇಡುಗಳ ನಡುವೆ ಸಿಕ್ಕಿದ್ದ ಚೂರುಗಳನ್ನು ಚಿಮಟದಿಂದ ಕಿತ್ತ, ಎಣ್ಣೆ ಬಿಟ್ಟ. ಬಳಿಕ ಕೈ ಒರೆಸಿಕೊಂಡು ಬ್ಯಾಗ್ ಬಿಚ್ಚಿದ. ಬಸ್ ಪಾಸಿನ ಕವರಿನೊಳಗೆ ಚೀಟಿ ಎರಡು ಮಡಿಕೆಯಾಗಿ ಕೂತಿತ್ತು. ಸುಗ್ರಾಳ ಕಣ್ಣು ಅವನ ಬೆರಳುಗಳ ಮೇಲೇ ಇತ್ತು. ಅವಸರ ಮಾಡದೆ ಮಡಿಕೆ ಬಿಡಿಸಿ, ಓದಿದಂತೆ ಮಾಡಿ, ಹಳೇ ಶಿಫ್ಟ್ ಪಟ್ಟಿ, ಯೂನಿಫಾರಂ ರಸೀದಿಗಳ ನಡುವೆ ಸೇರಿಸಿಟ್ಟ.

"ಇವು ಬೇಕು. ಇವು ಬೇಡ. ಬೇಡದ್ದರಲ್ಲೇ ಟೆಸ್ಟ್ ಮಾಡಿಬಿಡು ತಂಗಿ. ಐದಕ್ಕಿಂತ ಜಾಸ್ತಿ ಹಾಕ್ಬೇಡ. ಕೈಯೆಲ್ಲ ಎಣ್ಣೆ, ತೊಳ್ಕೊಂಡ್ ಬರ್ತೀನಿ."

ಬಚ್ಚಲಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟು ಕಿವಿಗೊಟ್ಟ. ಮೋಟರಿನ ಸದ್ದಿನಿಂದಲೇ ಎಷ್ಟು ಹಾಳೆ ಎಂದು ಅವನು ಹೇಳಬಲ್ಲ. ನಾಲ್ಕು. ಮೂರು. ನಡುವೆ ಒಂದು ಬಿಡುವು. ಆಮೇಲೆ ಹಗುರವಾದ, ಒಂದೇ ಹಾಳೆಯ, ಕ್ಷಣದಲ್ಲಿ ಮುಗಿದ ಸದ್ದು. ಅದೇ. ಸೋಪು ಹಚ್ಚಿ ಎರಡನೇ ಸಲ ಕೈ ತೊಳೆದ.

ಹೊರಬಂದಾಗ ಅತೀಯಾ ಕೊನೆಯ ಹಾಳೆ ಹಾಕುತ್ತಿದ್ದಳು. ಕಾಗದಗಳ ಕಡೆ ನೋಡಲಾಗದೆ ಅವಳು ಮುಖ ತಿರುಗಿಸಿಕೊಂಡಿದ್ದಳು, ಕಣ್ಣು ತುಂಬಿದ್ದವು. ಬುಟ್ಟಿಯ ತುಂಬ ಶ್ಯಾವಿಗೆಯಂಥ ಪಟ್ಟಿಗಳು. ಹಾಳೆಯನ್ನು ಮೇಲಿಂದ ಕೆಳಕ್ಕೆ ಸೀಳಿದ್ದರಿಂದ, ಮೇಲಿದ್ದವುಗಳಲ್ಲಿ ಸಾಲಿಗೆ ಒಂದೂವರೆ ಅಕ್ಷರಕ್ಕಿಂತ ಹೆಚ್ಚು ಕಾಣಲಿಲ್ಲ. ಬುಟ್ಟಿ ತಾನೇ ಒಯ್ಯಲೇ ಎಂದು ಒಂದು ಗಳಿಗೆ ಅನ್ನಿಸಿತು. ಕಸ ಕೇಳಿ ಪಡೆಯುವ ರಿಪೇರಿಯವನು ಎಲ್ಲಾದರೂ ಉಂಟೇ? ಬೇಡವೆಂದು ಬಿಟ್ಟ.

"ಎಷ್ಟು ದಿನ ಬರ್ಬಹುದು ಸರ್?"

"ನಾನು ಹೇಳಿದಂಗೆ ಬಳಸಿದ್ರೆ ಐದು ವರ್ಷಕ್ಕೆ ಮೋಸ ಇಲ್ಲ," ಎಂದ. ಚಹಾ ಕುಡಿದು, ಕೂಲಿ ಬೇಡವೆಂದು, ಗೇಟು ದಾಟಿದ. ಎಂಟು ತಿಂಗಳ ಮೇಲೆ ಅಂದು ಮಧ್ಯಾಹ್ನ ಅವನಿಗೆ ಗಾಢ ನಿದ್ದೆ ಬಂತು.

ವಿಚಾರಣೆಯ ದಿನ ಅಧಿಕಾರಿಯ ಮೇಜಿನ ಮುಂದೆ ಅವನು ತನ್ನ ಹೇಳಿಕೆಯನ್ನು ಒಂದು ಪದವೂ ಬದಲಿಸದೆ ಇನ್ನೊಮ್ಮೆ ಹೇಳಿದ. ಗಾರ್ಡ್ ಬಿಚ್ಚಿದ್ದು ತಿಳಿದಿರಲಿಲ್ಲ. ಸರ್ಫರಾಜ್ ಬಾಯಿಮಾತಲ್ಲಾಗಲೀ ಬರಹದಲ್ಲಾಗಲೀ ಏನೂ ಹೇಳಿರಲಿಲ್ಲ. ಅಧಿಕಾರಿ ಅದನ್ನು ಬರೆಸಿಕೊಂಡು ಅವನ ಸಹಿ ಪಡೆದು, ಅತೀಯಾಳ ಕಡೆ ತಿರುಗಿದರು.

ಅತೀಯಾ ಒಂದು ರಟ್ಟನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಟೇಪ್ ಹಚ್ಚಿದ ಕಾಗದದ ಪಟ್ಟಿಗಳು ಒಂದರ ಕೆಳಗೊಂದು ಇದ್ದವು. ಪ್ರತಿ ಪಟ್ಟಿಯಲ್ಲೂ ಸರ್ಫರಾಜನ ಕೈಬರಹದ ಒಂದೊಂದು ಪೂರ್ತಿ ಸಾಲು, ಕೊನೆಯದರಲ್ಲಿ 'ನೋಡಿದೆ, ಮುಂದಿನ ವಾರ', ಪಕ್ಕದಲ್ಲಿ ತಾರೀಖು, ಶಿವಪುತ್ರನ ಸಹಿ. "ಬುಟ್ಟಿ ಚೆಲ್ಲೋವಾಗ ಅಮ್ಮಿ ಮಗನ ಅಕ್ಷರ ಗುರ್ತು ಹಿಡಿದ್ರು," ಎಂದಳು ಅಧಿಕಾರಿಗೆ. ಆಮೇಲೆ ಶಿವಪುತ್ರನನ್ನು ನೋಡಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬೇರೆ ಕಾಗದ ಯಾವುದೂ ಓದಕ್ಕಾಗಲ್ಲ ಸರ್, ಅಷ್ಟು ಚೆನ್ನಾಗಿ ಕತ್ತರಿಸಿದೆ ನಿಮ್ಮ ಮೆಷಿನ್. ಇದೊಂದು ಚಿಕ್ಕ ಹಾಳೆ ನೋಡಿ, ನೆಟ್ಟಗೆ ಹಾಕಿದ್ರೆ ಸೊಟ್ಟಗೆ ಎಳ್ಕೊಳ್ತಿತ್ತು. ಅದಕ್ಕೇ ಅಡ್ಡ ತಿರುಗಿಸಿ ಹಾಕ್ದೆ."