ಮೇಲಿನ ಚಿಲಕ

ಬೆಳಗಿನ ಆರೂಕಾಲಿಗೆ ಪ್ರವಾಸಿ ಹಡಗು ದಡ ಮುಟ್ಟಿತು. ಆರೂವರೆಗೆ ದೂರು ಬಂದರು ಠಾಣೆ ಮುಟ್ಟಿತು. ಎರಡೂವರೆ ವರ್ಷದ ಗಂಡುಮಗು ರಾತ್ರಿ ಕೋಣೆಯಿಂದ ಕಾಣೆಯಾಗಿದೆ. ಅಪ್ಪ ಹೇಳಿದಂತೆ ದೂರನ್ನು ಹೆಡ್ ಕಾನ್‌ಸ್ಟೇಬಲ್ಲೇ ಬರೆದುಕೊಂಡ. ಠಾಣೆಯಲ್ಲಿ ಅವನಿಗೆ ಆಮೆ ಎಂದು ಹೆಸರು. ಅವನು ಒಂದು ಎಫ್‌ಐಆರ್ ಬರೆದು ಮುಗಿಸುವುದರೊಳಗೆ ಕಳ್ಳನಿಗೆ ಮದುವೆಯಾಗಿ ಮಕ್ಕಳೂ ಆಗುತ್ತವೆ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಅಂದು ಯಾರೂ ಆಡಿಕೊಳ್ಳಲಿಲ್ಲ.

ಇನ್‌ಸ್ಪೆಕ್ಟರ್ ಆಮೆಯನ್ನೂ ಒಬ್ಬ ಮಹಿಳಾ ಕಾನ್‌ಸ್ಟೇಬಲ್ಲನ್ನೂ ಕರೆದುಕೊಂಡು ಹಡಗು ಹತ್ತಿದರು. ಮಗುವಿನ ಅಪ್ಪ ಅಮ್ಮ ರಾತ್ರಿ ಹನ್ನೊಂದಕ್ಕೆ ಹಡಗಿನ ಸಂಗೀತ ಕಾರ್ಯಕ್ರಮ ಮುಗಿಸಿ ಬಂದಾಗ ಹಾಸಿಗೆ ಖಾಲಿ. ಹೊರಗೆ ಬಾಲ್ಕನಿಯಲ್ಲಿ ಕುರ್ಚಿ ಕಂಬಿಗೆ ಒತ್ತಿಕೊಂಡು ನಿಂತಿತ್ತು, ಕೆಳಗೆ ಬರೀ ಕಪ್ಪು ನೀರು. ಸೈರನ್ ಕೂಗಿಸಿ, ಹಡಗು ತಿರುಗಿಸಿ, ಎರಡು ದೋಣಿ ಇಳಿಸಿ ಬೆಳಗಿನವರೆಗೂ ಹುಡುಕಿದ್ದರು. ದೋಣಿ ಇಳಿಸುವಾಗ ಒಬ್ಬ ನಾವಿಕನ ಕೈ ಮುರಿದಿತ್ತು. ಮಗುವಿನ ತಾಯಿ ಅತ್ತು ಅತ್ತು ದನಿಯೇ ಕಳೆದುಕೊಂಡಿದ್ದಳು. ಅವಳ ಬೆನ್ನು ಸವರುತ್ತ ಕೂತಿದ್ದವಳು ಗಂಡನ ಅಕ್ಕ. ಅವಳದು ಪಕ್ಕದ ಕೋಣೆ.

"ಮಗು ಹತ್ರ ಯಾರಿದ್ರು?" ಇನ್‌ಸ್ಪೆಕ್ಟರ್ ಅಪ್ಪನನ್ನು ಕೇಳಿದರು.

"ಅಕ್ಕ ಇರ್ತಾಳೆ ಅಂದ್ಕೊಂಡ್ವಿ ಸಾರ್. ಯಾವಾಗ್ಲೂ ಅವಳೇ ಇರೋದು."

"ಹೇಳಿ ಹೋಗಿದ್ರಾ?"

ಹೇಳಿರಲಿಲ್ಲ. ಅಕ್ಕ ತಾನೂ ಹಾಡು ಕೇಳಲು ಹೋಗಿದ್ದಳಂತೆ. ಮಧ್ಯಾಹ್ನ ಊಟಕ್ಕೆ ಕೂತಾಗಲೇ ಹೇಳಿದ್ದಳಂತೆ. ಯಾರ ಕಿವಿಗೂ ಬಿದ್ದಿರಲಿಲ್ಲ.

ಪಂಚನಾಮೆ ಶುರುವಾಯಿತು. ಬಾಲ್ಕನಿ ಬಾಗಿಲಿಗೆ ಒಳಗಡೆ ಎರಡು ಚಿಲಕ. ಕೆಳಗಿನದು ಮಗುವಿನ ಕೈಗೂ ಸಿಗುತ್ತದೆ, ಮೇಲಿನದು ದೊಡ್ಡವರಿಗೆ ಮಾತ್ರ. ಆಮೆ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ತುದಿಯಿಂದ ಮೇಲೆ ತೋರಿಸಿದ. ರಾತ್ರಿ ಬಂದಾಗ ಬಾಗಿಲು ಹೇಗಿತ್ತು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಮುಚ್ಚಿತ್ತು, ಮೇಲಿನ ಚಿಲಕ ಎಳೆದು ಹೊರಗೆ ಓಡಿದೆ ಎಂದ ಅಪ್ಪ.

"ಹೋಗುವಾಗ ನೀವು ಹಾಕಿದ್ರಾ?"

"ಇಲ್ಲ. ಅದನ್ನ ನಾವು ಯಾವತ್ತೂ ಹಾಕಿಲ್ಲ."

"ಮಗು ನೀರಿಗೆ ಬಿದ್ದಿದ್ರೆ, ಆಮೇಲೆ ಒಳಗಿಂದ ಚಿಲಕ ಹಾಕಿದ್ಯಾರು?"

ಆಮೆ ಕೋಣೆಯ ಕಪಾಟು ತೆರೆದ. ಒಳಗೆ ದೊಡ್ಡ ಲೈಫ್ ಜಾಕೆಟ್ ಎರಡಿದ್ದವು, ಮಗುವಿಗೆಂದು ಕೊಟ್ಟಿದ್ದ ಚಿಕ್ಕದು ಇರಲಿಲ್ಲ. ಇನ್‌ಸ್ಪೆಕ್ಟರಿಗೆ ಅರ್ಧ ಜೀವ ಬಂದಂತಾಯಿತು. ಮಗುವನ್ನು ಒಯ್ದವರಿಗೆ ಅದು ಬದುಕಿರಬೇಕಾಗಿತ್ತು.

ಈ ಕೋಣೆಯ ಕೀ ಕಾರ್ಡ್ ಇದ್ದದ್ದು ಮೂವರ ಬಳಿ: ಗಂಡ, ಹೆಂಡತಿ, ಅಕ್ಕ. ರಾತ್ರಿ ಯಾವ ಕೋಣೆ ಹುಡುಕಿಲ್ಲ ಎಂದು ಕೇಳಿದ್ದಕ್ಕೆ ಹಡಗಿನ ಭದ್ರತಾ ಅಧಿಕಾರಿ ಎಲ್ಲವನ್ನೂ ನೋಡಿದ್ದೇವೆ ಎಂದು, ಆಮೇಲೆ ರಾಗ ಎಳೆದು, ಮನೆಯವರದ್ದೊಂದು ಬಿಟ್ಟು ಎಂದ. ಅಳುತ್ತ ಜೊತೆಗೇ ಹುಡುಕಿದ ಸೋದರತ್ತೆಯ ಕೋಣೆಯನ್ನು ಯಾರು ತಾನೇ ಹುಡುಕುತ್ತಾರೆ?

ಪಕ್ಕದ ಕೋಣೆಯಲ್ಲಿ, ಮಂಚ ಮತ್ತು ಗೋಡೆಯ ನಡುವೆ ದಿಂಬು ಜೋಡಿಸಿದ ಜಾಗದಲ್ಲಿ ಮಗು ಮಲಗಿತ್ತು. ಮೈಮೇಲೆ ಲೈಫ್ ಜಾಕೆಟ್, ಬಾಯಲ್ಲಿ ಹೆಬ್ಬೆರಳು. ತಾಯಿ ಅದನ್ನು ಬಾಚಿ ಎತ್ತಿಕೊಂಡು ನೆಲದಲ್ಲೇ ಕುಸಿದಳು. ಆಮೆ ಕಿಟಕಿಯತ್ತ ತಿರುಗಿ ಕನ್ನಡಕ ಒರೆಸಿಕೊಂಡ.

ಅಕ್ಕ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದವಳಿಗೆ ಮುಂದಿನ ಸಾಲಿನಲ್ಲಿ ತಮ್ಮ ಮತ್ತು ಅವನ ಹೆಂಡತಿಯ ತಲೆ ಕಂಡಿತ್ತು. ಮಗು ಒಂಟಿ ಎಂದು ಹೊಳೆದು ಎದ್ದು ಓಡಿ ಬಂದಾಗ ಮಗು ಬಾಲ್ಕನಿಯ ಕುರ್ಚಿಯ ಮೇಲೆ ನಿಂತು ಕಂಬಿಯಿಂದ ಆಚೆ ಬಾಗಿತ್ತು.

"ಎಳ್ಕೊಂಡು ಒಳಗೆ ಬಂದು ಚಿಲಕ ಹಾಕ್ದೆ. ಆದ್ರೂ ಸಮಾಧಾನ ಆಗ್ಲಿಲ್ಲ. ಜಾಕೆಟ್ ಹಾಕಿ ನನ್ನ ಕೋಣೆಗೆ ಎತ್ಕೊಂಡು ಹೋದ ಮೇಲೇ ಆಗಿದ್ದು."

"ಆಗ್ಲೇ ಯಾಕೆ ಹೇಳಲಿಲ್ಲ?"

"ಇವರಿಬ್ರೂ ಒಂದರ್ಧ ಗಂಟೆ ಹೆದರಲಿ ಅಂದ್ಕೊಂಡೆ. ಅಷ್ಟರಲ್ಲಿ ಸೈರನ್ ಕೂಗ್ತು, ದೋಣಿ ಇಳೀತು. ಆಮೇಲೆ ಬಾಯೇ ಬರ್ಲಿಲ್ಲ."

ತಾಯಿಯಿಲ್ಲದ ತಮ್ಮನನ್ನು ಅವಳೇ ಸಾಕಿದ್ದಳು. ಅವನ ಸಂಸಾರದಲ್ಲೂ ಎಲ್ಲದಕ್ಕೂ ಒಂದೇ ಮಾತು, ಅಕ್ಕ ಇದ್ದಾಳಲ್ಲ. ಹಡಗಿಗೆ ಕರೆತಂದದ್ದೂ ಆ ಲೆಕ್ಕದಲ್ಲೇ. ದೂರು ವಾಪಸ್ ತಗೊಳ್ತೀನಿ ಎಂದು ತಮ್ಮ ಅಂಗಲಾಚಿದ. ರಾತ್ರಿಯಿಡೀ ಸಮುದ್ರ ಜಾಲಾಡಿಸಿ ಒಬ್ಬನ ಕೈ ಮುರಿದ ಮೇಲೆ ಅದು ಮನೆಯ ವಿಷಯವಾಗಿ ಉಳಿಯುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಮೆತ್ತಗೆ ಹೇಳಿದರು. ಅದನ್ನು ಹೇಳುವುದು ಅವರಿಗೂ ಕಷ್ಟವಾಯಿತು.

ಒಂಬತ್ತೂವರೆಗೆ ಬಂಧನವಾಯಿತು. ಹಡಗಿನ ಮೆಟ್ಟಿಲಿಳಿಯುವಾಗ ಮಗು ಅಮ್ಮನ ಹೆಗಲಿಂದ ಅತ್ತೆಗೆ ಕೈ ಚಾಚಿ ಅತ್ತಿತು. ಅವಳು ತಿರುಗಿ ತಮ್ಮನನ್ನು ನೋಡಿದಳು.

"ಮೇಲಿನ ಚಿಲಕ ಹಾಕೋದು ಮರೀಬೇಡ."

ಜೀಪು ಬಂದರಿನ ಗೇಟು ದಾಟಿತು. ಕೊನೆಗೆ ಮಹಿಳಾ ಕಾನ್‌ಸ್ಟೇಬಲ್ ತಡೆಯಲಾರದೆ, ಹಾಡು ಚೆನ್ನಾಗಿತ್ತಾ ಅಕ್ಕಾ ಎಂದು ಕೇಳಿದಳು.

"ಚೆನ್ನಾಗೇ ಇತ್ತಮ್ಮ," ಎಂದಳು ಅವಳು. "ಎರಡೇ ಕೇಳಿದ್ದು."