ಕೆಂಪಾಗದ ಒಂದು ಸಾಲು

ಐರೋಲಿಯ ನಮ್ಮ ಆಫೀಸಿನಲ್ಲಿ ಸರ್ವರುಗಳನ್ನು ನೋಡಿಕೊಳ್ಳುವವರು ನಾನು, ಸಮಿತ್ ಇಬ್ಬರೇ. ಯಾವ ಯಂತ್ರ ನಿಂತರೂ ತಕ್ಷಣ ತಿಳಿಸುವ ಸಾಫ್ಟ್‌ವೇರ್ ಒಂದನ್ನು ಆರಿಸಬೇಕಿತ್ತು. ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನಲ್ಲಿ ಎರಡನ್ನು ಪರೀಕ್ಷಿಸಿದೆವು. ಮೊದಲನೆಯದು ನಮ್ಮ ಯಂತ್ರಗಳನ್ನಷ್ಟೇ ತೋರಿಸಿತು. ಎರಡನೆಯದರ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಂದು ಯಂತ್ರವೂ ಇತ್ತು; ಉತ್ತರಿಸುವ ಪ್ರತಿ ಯಂತ್ರಕ್ಕೂ ಅದರಲ್ಲಿ ಒಂದು ಹಸಿರು ಸಾಲು.

"ಯಾರದ್ದೋ ಫೋನ್ ಇರ್ಬೇಕು ಅಕ್ಕಾ. ನಿಮಗೆ ಎಲ್ಲದಕ್ಕೂ ಟೆನ್ಶನ್ ಮಾರಾಯ್ರೆ!" ಎಂದು ನಗುತ್ತಾ ಸಮಿತ್ ಮುಖ್ಯ ಕೇಬಲ್ ಕಿತ್ತ. ಎಲ್ಲ ಸಾಲುಗಳೂ ಕೆಂಪಾದವು. ಅದೊಂದು ಮಾತ್ರ ಹಸಿರಾಗಿಯೇ ಉಳಿಯಿತು. ನಾನು ಲ್ಯಾಪ್‌ಟಾಪಿನ ವೈಫೈಯನ್ನೂ ಆಫ್ ಮಾಡಿದೆ. ಆಗಲೂ ಅದು ಉತ್ತರಿಸುತ್ತಿತ್ತು. ಸದಾ ಬಿಸಿಯಾಗಿರುವ ಲ್ಯಾಪ್‌ಟಾಪಿನ ತಳ ಕೈಗೆ ತಣ್ಣಗೆ ತಾಗಿತು.

ಸಮಿತನ ನಗು ನಿಂತಿತು. "ಇದು ಬೇಡ. ಅದನ್ನು ತೋರಿಸದ್ದನ್ನೇ ತಗೊಳ್ಳುವ."

ಸಂಜೆ ಮನೆಗೆ ಹೋಗುವ ಥಾಣೆ ಟ್ರೈನಿನಲ್ಲಿ ಮನಸ್ಸು ತಡೆಯದೆ ಲ್ಯಾಪ್‌ಟಾಪ್ ತೆರೆದೆ. ವೈಫೈ ಆಫ್ ಆಗಿಯೇ ಇತ್ತು, ಆದರೂ ಆ ಸಾಲು ಹಸಿರಾಗಿತ್ತು. ಟ್ರೈನು ಮುಂದೆ ಹೋದಂತೆ ಅದರ ಉತ್ತರ ಇನ್ನಷ್ಟು ಬೇಗ ಬರತೊಡಗಿತು, ಹತ್ತಿರದಿಂದ ಬರುವಂತೆ. ವರ್ತಕ ನಗರದ ನಮ್ಮ ಮನೆಯಲ್ಲಿ ಮಗಳು ದಿಶಾ ಒಬ್ಬಳೇ ಇದ್ದಳು. ಟ್ರೈನಿಳಿದು ಹಿಡಿದ ಆಟೋದಿಂದಲೇ ಫೋನ್ ಮಾಡಿ ಅವಳನ್ನು ಗೇಟಿಗೆ ಕರೆದೆ.

"ಕ್ಯಾ ಹುವಾ ಮಮ್ಮಾ?" ಎಂದು ಓಡಿ ಬಂದಳು. ಗೇಟಿನಲ್ಲೇ ನಿಂತು ಲ್ಯಾಪ್‌ಟಾಪ್ ನೋಡಿದಾಗ ಉತ್ತರಕ್ಕೆ ಹಿಡಿಯುವ ಸಮಯ ಸೊನ್ನೆಯಾಗಿತ್ತು.

ಈಗ ನಮ್ಮ ಆಫೀಸಿನಲ್ಲಿರುವುದು ಅದನ್ನು ತೋರಿಸದ ಸಾಫ್ಟ್‌ವೇರ್. ನಾನು, ದಿಶಾ ಈಗಲೂ ಆ ಮನೆಯಲ್ಲೇ ಇದ್ದೇವೆ.